ಎತ್ತದೆ ಉಳಿದ ಎಲೆಗಳು

ಹ್ಯಾಂಡ್‌ಪೋಸ್ಟಿನ ಜೆರಾಕ್ಸ್ ಅಂಗಡಿಯ ಅಣ್ಣನ ಕಂಪ್ಯೂಟರನ್ನು ನಮ್ಮ ಕಂಪ್ಯೂಟರ್ ಸೆಂಟರಿನ ಅಕ್ಕ ವೈರಸ್ ಹಾಕಿ ಕೆಡಿಸಿದರು ಎಂಬುದು ಎಲ್ಲರೂ ಹೇಳುವ ಕಥೆ. ಸಾಕ್ಷಿ ಕೇಳಿ ನೋಡಿ, ‘ಎಲ್ರೂ ಅಂತಾರಲ್ಲ’ ಎನ್ನುತ್ತಾರೆ. ಅದೊಂದು ಸಾಕ್ಷಿಯೇ?

ಮೊನ್ನೆ ನನ್ನ ಲ್ಯಾಪ್‌ಟಾಪಿನ ಡಿಸ್ಕ್ ತುಂಬಿ ಕೆಂಪು ಪಟ್ಟಿ ಬಂತು. ತಾತ್ಕಾಲಿಕ ಫೈಲುಗಳು ಸೇರುವ ಟೆಂಪ್ ಫೋಲ್ಡರ್ ತೆರೆದರೆ ಒಳಗೆ ಒಂದೇ ತರಹದ ಹೆಸರಿನ ಫೋಲ್ಡರುಗಳ ಸಾಲು. ಅಕ್ಕ ನೆನಪಾದರು...

ಹ್ಯಾಂಡ್‌ಪೋಸ್ಟ್ ಊರಿಗೆ ಹತ್ತಿರದ ಎಚ್.ಡಿ. ಕೋಟೆಯಲ್ಲಿ ಅವರ ಸೆಂಟರ್. ಪಿಯುಸಿ ರಜೆಯಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕಲಿಯಲು ಹೋಗುತ್ತಿದ್ದೆ. ಕಲಿತದ್ದಕ್ಕಿಂತ ವಾದ ಮಾಡಿದ್ದೇ ಹೆಚ್ಚು. ಅಕ್ಕ ಆನ್‌ಲೈನ್ ಅರ್ಜಿಗಳ ಅಳತೆಗೆ ಫೋಟೊ, ಸಹಿ ಕುಗ್ಗಿಸುವ ಪುಟ್ಟ ಪ್ರೋಗ್ರಾಂ ಬರೆದು, ಪೈಥಾನ್ ಇಲ್ಲದ ಕಡೆಯೂ ಓಡಲೆಂದು ಅದನ್ನು ಒಂದೇ ಇಎಕ್ಸ್‌ಇ ಫೈಲಾಗಿ ಕಟ್ಟಿ ಅಣ್ಣನಿಗೆ ಕೊಟ್ಟಿದ್ದರು. ನೋಡಲು ಒಂದೇ ಫೈಲು. ತೆರೆದಾಗಲೆಲ್ಲ ತನ್ನ ಸಾಮಾನನ್ನು ಟೆಂಪ್‌ನಲ್ಲಿ ಹರಡಿಕೊಳ್ಳುತ್ತದೆ, ಮುಚ್ಚಿದಾಗ ತಾನೇ ಗುಡಿಸಿ ಹೋಗುತ್ತದೆ. ಆದರೆ ಮುಚ್ಚಬೇಕಲ್ಲ!

ಕೆಲವು ತಿಂಗಳಲ್ಲಿ ಅಣ್ಣನ ಡಿಸ್ಕ್ ತುಂಬಿ ಕಂಪ್ಯೂಟರ್ ಪದೇ ಪದೇ ನಿಲ್ಲತೊಡಗಿತು. ವೈರಸ್ ಎಂಬ ಸುದ್ದಿ ಹಬ್ಬಿ, ಸೆಂಟರಿಗೆ ಬರುವವರೂ ಕಡಿಮೆಯಾದರು. ಅಕ್ಕ ನನ್ನನ್ನು ಕರೆದುಕೊಂಡು ಹೋಗಿ ಆ ಅಂಗಡಿಯಲ್ಲಿ ಸುಮ್ಮನೆ ಕೂತು ನೋಡಿದರು. ಊಟಕ್ಕೆ ಹೊರಟ ಅಣ್ಣ ದೇವರ ಪಟಕ್ಕೆ ಕೈಮುಗಿದು, ಪ್ರೋಗ್ರಾಂ ತೆರೆದಿರುವಾಗಲೇ ಮೈನ್ ಸ್ವಿಚ್ ಇಳಿಸಿಬಿಟ್ಟರು. ಗುಡಿಸಲು ಅದಕ್ಕೆ ಪುರಸೊತ್ತೆಲ್ಲಿ? ಹರಡಿದ್ದೆಲ್ಲ ಹಾಗೇ ಉಳಿಯುತ್ತಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ: ‘ತಪ್ಪು ಅವರದೇ ಅಲ್ವಾ ಅಕ್ಕ?’

‘ಮೈನ್ ಇಳ್ಸೋರು ಇದ್ದೇ ಇರ್ತಾರೆ ಕಣೋ. ತಿಳ್ಕೊಂಡು ಬರೀಬೇಕಾಗಿದ್ದು ನಾನು.’

‘ಹಂಗಾದ್ರೆ ಶುರುವಾದ ತಕ್ಷಣ ಹಳೇವೆಲ್ಲ ಅಳಿಸೋ ಹಂಗೆ ಬರ್ದ್ಬುಡಿ.’

‘ಪಕ್ಕದಲ್ಲೇ ಅದೇ ಪ್ರೋಗ್ರಾಂನ ಇನ್ನೊಂದ್ಸಲ ತೆರ್ದಿದ್ರೆ? ಉಣ್ತಾ ಕೂತೋನ ಎಲೆ ಎತ್ತಿದಂಗಾಯ್ತದೆ. ಡಿಬೇಟಲ್ಲಿ ಬಹುಮಾನ ತಗಂಡೋನ್ ಬುದ್ಧಿ ನೋಡು!’

ಕೊನೆಗೆ ಅವರು ಕಂಡುಕೊಂಡ ದಾರಿ ನನಗೆ ಇಂದಿಗೂ ಇಷ್ಟ. ಹಳೆಯ ಫೋಲ್ಡರಿನ ಹೆಸರು ಬದಲಿಸಲು ನೋಡುವುದು. ಬಳಕೆಯಲ್ಲಿದ್ದರೆ ವಿಂಡೋಸ್ ಬಿಡುವುದಿಲ್ಲ. ಬಿಟ್ಟಿತೋ, ಊಟ ಮುಗಿದಿದೆ, ಎತ್ತಬಹುದು.

ಹೊಸ ಫೈಲು ಹಿಡಿದು ಹೋದರೆ ಅಣ್ಣ ಬಾಗಿಲಲ್ಲೇ ತಡೆದರು. ‘ಬ್ಯಾಡ ಬುಡವ್ವ. ಆ ಪೆನ್‌ಡ್ರೈವ್ ಇಲ್ಲಿ ಚುಚ್ಬ್ಯಾಡ.’ ಅಕ್ಕ ಪೆನ್‌ಡ್ರೈವನ್ನು ಚೀಲಕ್ಕೆ ಹಾಕಿಕೊಂಡು ತಿರುಗಿದರು... ಮುಂದಿನ ವರ್ಷ ಸೆಂಟರ್ ಮುಚ್ಚಿತು. ಈಗ ಅಕ್ಕನೂ ಇಲ್ಲ. ವಾದ ಮಾಡಲು ಅವರಂಥವರು ನನಗೆ ಮತ್ತೆ ಸಿಗಲಿಲ್ಲ.

ನಿನ್ನೆ ಅದೇ ಅಂಗಡಿಗೆ ಹೋಗಿದ್ದೆ. ‘ನೆಟ್ ಹೋದ್ರೆ ಫೋಟೊ ಕುಗ್ಸಕ್ಕಾಗಲ್ಲ ಕಣಪ್ಪ, ಗಿರಾಕಿಗಳು ವಾಪಸ್ ಓಯ್ತಾರೆ. ಒಂದು ಪ್ರೋಗ್ರಾಂ ಮಾಡ್ಕೊಡೋರು ಇದ್ರೆ ಹೇಳು’ ಎಂದರು ಅಣ್ಣ.

‘ಎರಡ್ನೇ ಸಲ ಅಕ್ಕ ಪೆನ್‌ಡ್ರೈವಲ್ಲಿ ಏನ್ ತಂದಿದ್ರು ಅಂತ ಯಾಕೆ ಕೇಳ್ಲಿಲ್ಲ ಅಣ್ಣ?’