ಬೆಲ್ಲ ಕಲಸಿದ ನೀರು

1964ರ ಜನವರಿಯಲ್ಲಿ ನಾನು ಕಡಬದ ಆಚೆಯ ಒಂದು ಸರಕಾರಿ ಡಿಸ್ಪೆನ್ಸರಿಯಲ್ಲಿ ಕಂಪೌಂಡರನಾಗಿದ್ದೆ. ಊರಿನ ಹೆಸರು ಬೇಡ. ನಾನು ಹೇಳಲಿರುವ ಮನೆಯ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ. ಅರಂತೋಡಿನ ಕಡೆಯವನಾದ ನನಗೆ ಮನೆಯ ಮಾತು ಅರೆಭಾಷೆ, ಡಿಸ್ಪೆನ್ಸರಿಯ ಮಾತು ತುಳು, ರಿಜಿಸ್ಟರಿನ ಮಾತು ಇಂಗ್ಲಿಷು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನವರು, ಕಡಿಮೆ ಮಾತಿನವರು. ವಾರಕ್ಕೆ ಎರಡು ದಿನ ಅವರು ಬೇರೆ ಊರಿನ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಆ ಎರಡು ದಿನ ಡಿಸ್ಪೆನ್ಸರಿಗೆ ನಾನೇ ರಾಜ.

ಕಂಪೌಂಡರನ ಕೆಲಸವೆಂದರೆ ಈಗಿನವರಿಗೆ ಅರ್ಥವಾಗದು. ಆಗ ಔಷಧವನ್ನು ನಾವೇ ಕಲಸಬೇಕಿತ್ತು. ರೋಗಿ ಮನೆಯಿಂದ ತಂದ ಬಾಟಲಿಗೆ ಮಿಕ್ಸ್ಚರ್ ತುಂಬಿಸಿ, ಒಂದು ಕಾಗದದ ಪಟ್ಟಿಯ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದೆವು. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧ. ನನ್ನ ಪಟ್ಟಿಯಲ್ಲಿ ಒಂದು ಹಲ್ಲು ಹೆಚ್ಚು ಕಡಿಮೆಯಾದದ್ದಿಲ್ಲ. ಆ ಬಗ್ಗೆ ನನಗೆ ಒಳ್ಳೆಯ ಗರ್ವವಿತ್ತು, ಮತ್ತು ರೋಗಿಗಳನ್ನು ಗದರಿಸುವ ಅಧಿಕಾರ ಆ ಗರ್ವದಿಂದಲೇ ಬಂದದ್ದೆಂದು ತಿಳಿದುಕೊಂಡಿದ್ದೆ.

ಮೊಯ್ದಿನ್ ಬ್ಯಾರಿ ಒಣಮೀನಿನ ವ್ಯಾಪಾರಿ. ಬುಟ್ಟಿ ಹೊತ್ತು ಗುಂಡ್ಯದವರೆಗೂ ನಡೆದು ಮಾರಿ ಬರುತ್ತಿದ್ದರು. ಅರುವತ್ತು ದಾಟಿದ್ದ ತೆಳ್ಳಗಿನ ಮನುಷ್ಯ, ತಮಾಷೆಯ ಬಾಯಿ. ಹಿಂದಿನ ನವೆಂಬರಿನಲ್ಲಿ ಕಾಲಿನ ಗಾಯ ಒಣಗುವುದಿಲ್ಲವೆಂದು ಬಂದರು. ಡಾಕ್ಟರು ಮೂತ್ರ ಪರೀಕ್ಷೆ ಮಾಡಲು ಹೇಳಿದರು. ಬೆನೆಡಿಕ್ಟ್ ಎಂಬ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸುವುದು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು. ಮೊಯ್ದಿನ್ ಬ್ಯಾರಿಯವರದ್ದು ಇಟ್ಟಿಗೆಯ ಕೆಂಪೇ ಬಂತು.

ಸಕ್ಕರೆ ಕಾಯಿಲೆಗೆ ಆಗ ಟಾಲ್‌ಬ್ಯುಟಮೈಡ್ ಎಂಬ ಮಾತ್ರೆ ಬಳಕೆಗೆ ಬಂದಿತ್ತು. ನಮ್ಮಲ್ಲಿ ದಾಸ್ತಾನು ಇರಲಿಲ್ಲ, ಪುತ್ತೂರಿನಿಂದ ತರಿಸಬೇಕು. ಡಾಕ್ಟರು ದಿನಕ್ಕೆ ಮೂರು ಮಾತ್ರೆ ಬರೆದು, ನನ್ನನ್ನು ಒಳಗೆ ಕರೆದು ಎರಡು ಸಂಗತಿ ಹೇಳಿದರು. ಒಂದು, ಬೆಲ್ಲ ಸಕ್ಕರೆ ಮುಟ್ಟಬಾರದು. ಇನ್ನೊಂದು, ಮಾತ್ರೆ ತೆಗೆದುಕೊಂಡು ಉಣ್ಣದೆ ಇದ್ದರೆ ರಕ್ತದ ಸಕ್ಕರೆ ವಿಪರೀತ ಇಳಿಯಬಹುದು. ಬೆವರಿ, ಕೈಕಾಲು ನಡುಗಿ, ಮಾತು ತೊದಲಿದರೆ ಕೂಡಲೇ ಬೆಲ್ಲದ ನೀರು ಕುಡಿಸಬೇಕು. "ಎರಡನ್ನೂ ಮನೆಯವರಿಗೆ ತುಳುವಿನಲ್ಲಿ ಬಿಡಿಸಿ ಹೇಳಿ" ಎಂದರು.

ನಾನು ಮೊದಲನೆಯದನ್ನು ಮಾತ್ರ ಹೇಳಿದೆ.

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟೆ. ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಎದುರಿಗೆ ಬರುತ್ತದೆ. ಮನೆಮನೆ ತಿರುಗುವ ಈ ಮನುಷ್ಯ ದಿನಕ್ಕೆ ಹತ್ತು ಕಡೆ ಬೆಲ್ಲ ಕಡಿಯುವವರು. ಬೆವರಿದಾಗ ಬೆಲ್ಲ ತಿನ್ನಬಹುದು ಎಂದರೆ ಇವರಿಗೆ ದಿನವೂ ಬೆವರೀತು, ಬೆರಳು ಕೊಟ್ಟರೆ ಹಸ್ತ ನುಂಗಿಯಾರು ಎಂದು ಲೆಕ್ಕ ಹಾಕಿದೆ. ಹಾಗಾಗಿ ಅವರ ಹೆಂಡತಿ ಐಸಮ್ಮನನ್ನು ಎದುರಿಗೆ ನಿಲ್ಲಿಸಿ ಹೇಳಿದೆ: "ಬೆಲ್ಲ ಅಂದರೆ ಇವರಿಗೆ ವಿಷ. ಒಂದು ಚೂರು ಬಾಯಿಗೆ ಹಾಕಿದರೆ ನೀವೇ ಕೊಂದ ಹಾಗೆ. ಗೊತ್ತಾಯ್ತಾ?"

ಐಸಮ್ಮ ಹೆದರಿ ತಲೆಯಾಡಿಸಿದರು. ಮೊಯ್ದಿನ್ ಬ್ಯಾರಿ ನಕ್ಕರು. "ಎಂತ ಮಾರಾಯ್ರೆ, ನಾಳೆಯಿಂದ ಮನೆಗೆ ಬಂದವರಿಗೆ ಇವಳು ಉಪ್ಪು ನೀರು ಕೊಡ್ತಾಳೆ ನೋಡಿ!"

ಆದರೆ ಇಬ್ಬರೂ ಅಕ್ಷರಶಃ ಪಾಲಿಸಿದರು. ಡಿಸೆಂಬರ್ ಮುಗಿಯುವಾಗ ಪರೀಕ್ಷೆಯ ಬಣ್ಣ ಕೆಂಪಿನಿಂದ ಹಸಿರಿಗೆ ಬಂದಿತ್ತು. ಗಾಯವೂ ಒಣಗಿತು. ನಾನು ಆ ಪರೀಕ್ಷಾನಳಿಗೆಯನ್ನು ಬೆಳಕಿಗೆ ಹಿಡಿದು ಬೆಂಚಿನಲ್ಲಿ ಕುಳಿತವರಿಗೆಲ್ಲ ತೋರಿಸಿದೆ, ನಾನೇ ಗುಣಪಡಿಸಿದವನ ಹಾಗೆ.

ಜನವರಿಯ ನಡುವಿನಲ್ಲಿ ರಂಜಾನ್ ಉಪವಾಸ ಸುರುವಾಯಿತು. ಎರಡನೆಯ ದಿನವೋ ಮೂರನೆಯ ದಿನವೋ ಮೊಯ್ದಿನ್ ಬ್ಯಾರಿ ಬಂದರು. ಡಾಕ್ಟರು ಇಲ್ಲದ ದಿನ. ಮದ್ದಿಗೆ ಸಾಲು ನಿಂತಿತ್ತು.

"ಕಂಪೌಂಡರ್ರೆ, ನೋಂಬು ಹಿಡಿದಿದ್ದೇನೆ. ಮಧ್ಯಾಹ್ನದ ಮಾತ್ರೆ ಬಿಟ್ಟುಹೋಗ್ತದೆ. ಎಂತ ಮಾಡುದು?"

ನಾನು ಮಿಕ್ಸ್ಚರ್ ಅಳೆಯುತ್ತಿದ್ದೆ. ತಲೆ ಎತ್ತದೆಯೇ ಹೇಳಿದೆ: "ಬಿಡುವ ಹಾಗಿಲ್ಲ ಬ್ಯಾರಿಗಳೆ. ದಿನಕ್ಕೆ ಮೂರು ಹೊಟ್ಟೆಗೆ ಹೋಗಲೇಬೇಕು. ಹೊತ್ತು ನೀವೇ ಹೊಂದಿಸಿಕೊಳ್ಳಿ. ಉಪವಾಸ ಒಳ್ಳೆಯದೇ, ಸಕ್ಕರೆ ಇನ್ನೂ ಇಳೀತದೆ."

"ಹಾಗಾದ್ರೆ ಸರಿ" ಎಂದು ಅವರು ಬುಟ್ಟಿ ಎತ್ತಿಕೊಂಡು ಹೋದರು. ನಾನು ಮುಂದಿನ ಬಾಟಲಿ ಕೈಗೆತ್ತಿಕೊಂಡೆ. ಅವರನ್ನು ಮಾತನಾಡುವ ಸ್ಥಿತಿಯಲ್ಲಿ ಕಂಡದ್ದು ಅದೇ ಕೊನೆ.

ಮರುದಿನ ಸಂಜೆ ನಾಲ್ಕು ಗಂಟೆಗೆ ನೆರೆಯವರು ಕುರ್ಚಿಗೆ ಬಿದಿರು ಕಟ್ಟಿ ಗುಡ್ಡ ದಾಟಿಸಿ ಅವರನ್ನು ಹೊತ್ತು ತಂದರು. ಮೈ ಒದ್ದೆಯಾಗಿತ್ತು, ಪ್ರಜ್ಞೆ ಇರಲಿಲ್ಲ, ಹಲ್ಲು ಕಚ್ಚಿಕೊಂಡಿತ್ತು. ಅಂದು ಡಾಕ್ಟರು ಇದ್ದರು. ಕೆಥೀಟರ್ ಎಂಬ ನಳಿಗೆಯಿಂದ ಮೂತ್ರ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಕುದಿಸಿದೆ. ನೀಲಿ ನೀಲಿಯಾಗಿಯೇ ಉಳಿಯಿತು. ಬೇರೆ ದಿನವಾಗಿದ್ದರೆ ಆ ನೀಲಿ ಕಂಡು ಕುಣಿಯುತ್ತಿದ್ದೆನೇನೋ. ಅಂದು ಸಕ್ಕರೆ ಇಲ್ಲವೆಂದಷ್ಟೇ ಹೇಳಿ ಪರೀಕ್ಷಾನಳಿಗೆಯನ್ನು ಡಾಕ್ಟರ ಕೈಗೆ ಕೊಟ್ಟೆ.

ಡಾಕ್ಟರು ನರಕ್ಕೆ ಗ್ಲೂಕೋಸ್ ಚುಚ್ಚುತ್ತಲೇ ಕೇಳಿದರು: "ಬೆಳಗ್ಗಿನಿಂದ ಎಂತೆಲ್ಲ ಆಯ್ತು, ಹೇಳಿ."

ಐಸಮ್ಮ ಗೋಡೆಗೆ ಒರಗಿ ನಿಂತು ಹೇಳಿದರು. ಬೆಳಗಿನ ಜಾವದ ಊಟದ ಮೊದಲು ಮೂರು ಮಾತ್ರೆಯನ್ನೂ ಒಟ್ಟಿಗೆ ನುಂಗಿದರಂತೆ. ಇಡೀ ಹಗಲಿನ ಅನ್ನವನ್ನು ಆಗಲೇ ಉಣ್ಣುವುದಲ್ಲವೇ, ಹಗಲಿನ ಮದ್ದೂ ಹಾಗೆಯೇ ಎಂಬುದು ಅವರ ಲೆಕ್ಕ. ಬುಟ್ಟಿ ಹೊತ್ತು ಹೋದವರು ಹತ್ತು ಗಂಟೆಗೆ ತೂರಾಡುತ್ತ ಮನೆಗೆ ಬಂದು, ಏನೇನೋ ಬಡಬಡಿಸಿ ಮಲಗಿದರಂತೆ.

"ಉಪವಾಸದ ಸುಸ್ತು ಅಂತ ಗ್ರಹಿಸಿದೆ. ಆಮೇಲೆ ಬೆವರು ನಿಲ್ಲಲಿಲ್ಲ. ನೋಂಬು ಮುರಿದರೂ ಅಡ್ಡಿ ಇಲ್ಲ, ಸೌಖ್ಯ ಇಲ್ಲದವರಿಗೆ ಪಡೆದ ದೇವರು ಬಿಟ್ಟುಕೊಟ್ಟಿದ್ದಾನೆ, ಇನ್ನೊಂದು ದಿನ ಹಿಡಿಯಬಹುದು ಅಂತ ಬೆಲ್ಲ ಕಲಸಿದೆ. ಬಾಯಿಯ ಹತ್ತಿರ ತೆಗೆದುಕೊಂಡು ಹೋದೆ. ಆಗ ಇವರು ವಿಷ ಅಂದದ್ದು ನೆನಪಾಯ್ತು. ಚೆಲ್ಲಿಬಿಟ್ಟೆ. ಬರಿ ನೀರು ಕುಡಿಸಿದೆ."

'ಇವರು' ಎಂದಾಗ ಐಸಮ್ಮ ನನ್ನ ಕಡೆ ನೋಡಿದರು. ಆ ನೋಟದಲ್ಲಿ ದೂರು ಇರಲಿಲ್ಲ. ಹೇಳಿದ ಮಾತನ್ನು ತಪ್ಪದೆ ನಡೆಸಿದವರು ಮೇಷ್ಟರನ್ನು ನೋಡುವ ನೋಟ ಅದು. ದೇವರ ಕಟ್ಟಳೆಯಲ್ಲಿ ದಾರಿ ಕಂಡುಕೊಂಡ ಹೆಂಗಸು ನನ್ನ ಕಟ್ಟಳೆಯಲ್ಲಿ ದಾರಿ ಕಾಣಲಿಲ್ಲ. ದೇವರು ಬಿಟ್ಟಿದ್ದ ದಾರಿಯನ್ನು ನಾನು ಬಿಟ್ಟಿರಲಿಲ್ಲ.

ಡಾಕ್ಟರು ಸಿರಿಂಜು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ನನ್ನನ್ನು ಒಳಗೆ ಕರೆದು, ಮೆಲ್ಲನೆ, "ಅರ್ಧ ಮಾತು ಹೇಳಿದಿರಿ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಗ್ಲೂಕೋಸಿಗೆ ಬೆವರು ನಿಂತಿತು, ಪ್ರಜ್ಞೆ ಮರಳಲಿಲ್ಲ. ಮಿದುಳು ಆರು ಗಂಟೆ ಸಕ್ಕರೆಯಿಲ್ಲದೆ ಬಳಲಿತ್ತು. ಜೀಪು ಮಾಡಿ ಪುತ್ತೂರಿಗೆ ಕಳುಹಿಸಿದೆವು. ಎರಡನೆಯ ದಿನ ಮೊಯ್ದಿನ್ ಬ್ಯಾರಿ ಅಲ್ಲಿಯೇ ತೀರಿಕೊಂಡರು.

ಅದರ ಮುಂದಿನ ವಾರ ಡಾಕ್ಟರು ಒಂದು ನೋಟುಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು. ಮದ್ದು ಮತ್ತೆ ತೆಗೆದುಕೊಳ್ಳಲು ಬಂದ ಪ್ರತಿಯೊಬ್ಬರ ಹತ್ತಿರ, "ಹಿಂದಿನ ಬಾಟಲಿ ಹೇಗೆ ಕುಡಿದಿರಿ?" ಎಂದು ಕೇಳಿ ಬರೆಯಬೇಕು. ಗದರಿಸಬಾರದು. ಇದು ನಮ್ಮ ಮದ್ದಿನ ಪರೀಕ್ಷೆ, ಅವರ ಪರೀಕ್ಷೆ ಅಲ್ಲ ಎಂದರು. ಮಳೆಗಾಲ ಬರುವವರೆಗೆ ಬರೆದೆ. ನನ್ನ ಹಲ್ಲುಪಟ್ಟಿಯ ಪ್ರಕಾರವೇ ಕುಡಿದವರು ಕೆಲವರೇ. ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ಪಟ್ಟಿ ಕಳಚಿಕೊಂಡವರಿದ್ದರು. ಒಬ್ಬಳು ತಾಯಿ ಮಗುವಿನ ಮದ್ದನ್ನು ತಾನೇ ಕುಡಿದಿದ್ದಳು, ಎದೆಹಾಲಿನಲ್ಲಿ ಹೋಗುತ್ತದೆಂದು. ಒಬ್ಬರಾದರೂ ದಡ್ಡರಾಗಿರಲಿಲ್ಲ. ಎಲ್ಲರಿಗೂ ಒಂದೊಂದು ಕಾರಣವಿತ್ತು, ನಾನು ಕೇಳಿರಲಿಲ್ಲ ಅಷ್ಟೆ. ಅಂದಿನಿಂದ ಮದ್ದು ಕೊಟ್ಟಮೇಲೆ ರೋಗಿಯಿಂದಲೇ ತಿರುಗಿ ಹೇಳಿಸುವ ಕ್ರಮ ಮಾಡಿದೆವು. ಎಷ್ಟು, ಯಾವಾಗ, ಉಪವಾಸ ವ್ರತ ಉಂಟಾ, ಮೈಗೆ ಸರಿ ಬಾರದಿದ್ದರೆ ಎಂತ ಮಾಡುವುದು, ಎಲ್ಲ.

ನಲವತ್ತು ದಿನ ಕಳೆದು ನಾನು ಐಸಮ್ಮನ ಮನೆಗೆ ಹೋದೆ. ನಿಜ ಹೇಳಬೇಕೆಂದೇ ಹೋದದ್ದು. ಜಗಲಿಯಲ್ಲಿ ಕುಳಿತ ಕೂಡಲೇ ಬಾಗಿಲ ಸಂದಿನಿಂದ ಬೆಲ್ಲದ ತಟ್ಟೆಯೂ ನೀರಿನ ಚೆಂಬೂ ಬಂದವು. ನಾನು ನೀರನ್ನು ಮಾತ್ರ ಎತ್ತಿಕೊಂಡೆ. ಗಂಡ ತೀರಿದ ಮೇಲೆ ಮರೆಯಲ್ಲಿ ಕೂರುವ ದಿನಗಳಾದ್ದರಿಂದ ಅವರು ಒಳಗಿನಿಂದಲೇ ಕೇಳಿದರು: "ಕಂಪೌಂಡರ್ರೆ, ಆ ದಿನ ಬೆಲ್ಲ ಕುಡಿಸಿದ್ದರೆ ಎಂತಾದ್ರೂ ಪ್ರಯೋಜನ ಆಗ್ತಿತ್ತಾ?"

"ಇಲ್ಲ" ಎಂದೆ. "ಏನೂ ಆಗ್ತಿರಲಿಲ್ಲ. ಅವರ ಆಯಸ್ಸು ಮುಗಿದಿತ್ತು."

ಅವರಿಗೆ ನೋವಾಗದಿರಲೆಂದು ಹೇಳಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಈಗ ವಯಸ್ಸಾಗಿದೆ, ಸುಳ್ಳು ಯಾಕೆ? ನನಗೆ ನೋವಾಗದಿರಲೆಂದೂ ಹೇಳಿದ್ದೆ.

1966ರಲ್ಲಿ ನನಗೆ ಸುಳ್ಯಕ್ಕೆ ವರ್ಗವಾಯಿತು. ಹೊರಡುವ ತಿಂಗಳಲ್ಲಿ ಒಂದು ಬೆಳಗ್ಗೆ ಸಕ್ಕರೆ ಕಾಯಿಲೆಯ ಹೊಸ ರೋಗಿಯೊಬ್ಬರಿಗೆ ಮಾತ್ರೆ ವಿವರಿಸುತ್ತಿದ್ದೆ. ಬೆಲ್ಲದ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಮಾತ್ರೆಯ ಜೊತೆಗೇ ಕೊಡುವುದು ಅಷ್ಟರಲ್ಲಿ ನನ್ನ ಅಭ್ಯಾಸವಾಗಿತ್ತು. "ಬೆವರಿ ನಡುಕ ಬಂದರೆ ಯಾರನ್ನೂ ಕೇಳಲಿಕ್ಕೆ ಹೋಗಬೇಡಿ, ಇದನ್ನು ನೀರಿನಲ್ಲಿ ಕಲಸಿ ಕುಡೀರಿ. ಜೀವ ಉಳೀತದೆ" ಎಂದೆ. ಹೇಳಿ ತಲೆ ಎತ್ತಿದರೆ ಆ ರೋಗಿಯ ಹಿಂದೆಯೇ ಕಣ್ಣಿನ ಮದ್ದಿಗೆಂದು ಐಸಮ್ಮ ನಿಂತಿದ್ದರು.

ಅವರಿಗೆ ಎಲ್ಲ ಕೇಳಿಸಿತ್ತು. ನಾನು ಎದ್ದು ನಿಂತೆ. ಎರಡು ವರ್ಷದ ಹಿಂದೆ ಹೇಳಿದ ಸುಳ್ಳು ಅವರ ಎದುರಿಗೇ ಬಯಲಾಗಿತ್ತು, ಕಣ್ಣೀರು ಬಂತು. ಅವರು ಆ ಬೆಲ್ಲದ ಪೊಟ್ಟಣವನ್ನೇ ನೋಡಿದರು. ಸೆರಗಿನಿಂದ ಕಣ್ಣಿನ ನೀರು ಒರಸಿಕೊಂಡರು, ಕಣ್ಣು ನೋವಿನದ್ದೋ ಏನೋ.

"ಜೋರಾಗಿ ಹೇಳಿ ಕಂಪೌಂಡರ್ರೆ" ಎಂದರು. "ಹೊರಗೆ ಬೆಂಚಲ್ಲಿ ಹೆಂಗಸರು ಕೂತಿದ್ದಾರೆ. ಅವರಿಗೂ ಕೇಳಲಿ."

ಆಮೇಲೆ ಸುಳ್ಯದಲ್ಲಿಯೂ ಪುತ್ತೂರಿನಲ್ಲಿಯೂ ಕೆಲಸ ಮಾಡಿ ನಿವೃತ್ತನಾದೆ. ಎಲ್ಲಿ ಹೋದರೂ ನನ್ನ ಧ್ವನಿ ದೊಡ್ಡದೆಂದು ಡಾಕ್ಟರುಗಳು ತಕರಾರು ಮಾಡುತ್ತಿದ್ದರು. ಮದ್ದಿನ ಜೊತೆ ಕೊಡಬೇಕಾದ ಮಾತನ್ನು ಪೂರ್ತಿ ಕೊಡಬೇಕು, ಅಳತೆ ಅದಕ್ಕೂ ಉಂಟು ಎಂದು ನನಗೆ ಕಲಿಸಿದ್ದು ಅವರು ಯಾರೂ ಅಲ್ಲ, ಐಸಮ್ಮ. ಧ್ವನಿ ದೊಡ್ಡದಾದ ಕಾರಣವನ್ನು ಆ ಡಾಕ್ಟರುಗಳಿಗೆ ಹೇಳಿರಲಿಲ್ಲ. ಇಲ್ಲಿ ಹೇಳಿದ್ದೇನೆ.