ಕೌದಿಯ ಹೊಟ್ಟೆ

ಲಂಡನ್ನಿಗೆ ಹೊರಟಾಗ ಅಜ್ಜಿ ನನಗೆ ಒಂದು ಕೌದಿಯನ್ನೂ ಒಂದು ಕೆಲಸವನ್ನೂ ಕೊಟ್ಟಳು. ಕೌದಿ ಅವಳೇ ಕೈಯಾರೆ ಹೊಲಿದದ್ದು. ಅವಳ ಹಳೆಯ ಸೀರೆಗಳು, ನನ್ನ ಶಾಲೆಯ ಚಡ್ಡಿ, ನಮ್ಮ ಚರ್ಚಿನ ಪಾದ್ರಿಗಳ ಹರಿದ ನಿಲುವಂಗಿ, ಎಲ್ಲವೂ ಅದರಲ್ಲಿದ್ದವು. ಕೆಲಸವನ್ನು ಅವಳು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದಳು.

"ಅಮೆರಿಕಾದ ಕರಿ ಮಂದಿ ಚರಿತ್ರಿ ಓದಾಕ ಹೊಂಟೇನಿ ಅಂತಿ. ಅವರನ್ನೂ ನಮ್ಮಂಗ ಹಡಗಿನಾಗ ತಂದಿದ್ರಂತ. ನಾವು ಯಾವ ಊರಿಂದ ಬಂದವರು ಅಂತ ಆ ಪುಸ್ತಕದಾಗ ಎಲ್ಲೋ ಬರದಿರ್ತಾರ, ನೋಡ್ಕೊಂಡ್ ಬಾ. ಸಾಯೂದ್ರಾಗ ಒಮ್ಮಿ ಆ ಊರ ಹೆಸರು ಬಾಯಿಲೆ ಅನಬೇಕು ನಾನು."

ನಾವು ಹಳಿಯಾಳದ ಕಡೆಯ ಸಿದ್ದಿಗಳು. ಎಷ್ಟೋ ತಲೆಮಾರಿನ ಹಿಂದೆ ನಮ್ಮವರನ್ನು ಆಫ್ರಿಕಾದಿಂದ ಹಡಗಿನಲ್ಲಿ ಗೋವೆಗೆ ತಂದು ಮಾರಿದರು, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು ಎನ್ನುತ್ತಾರೆ. ಅದರ ಹಿಂದಿನದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅಜ್ಜಿ ಆಡುತ್ತಿದ್ದದ್ದು ಕನ್ನಡ. ಪ್ರಾರ್ಥನೆಗೆ ಮತ್ತು ಬೈಗುಳಕ್ಕೆ ಮಾತ್ರ ಕೊಂಕಣಿ. ಆ ಎರಡೂ ನನಗೆ ಚೆನ್ನಾಗಿ ಬರುತ್ತಿದ್ದವು, ಅವುಗಳ ನಡುವಿನ ಮಾತನ್ನು ಚರ್ಚಿನ ಅಂಗಳದಲ್ಲಿ ಕಲಿತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಲಂಡನ್ನಿನ ಟೂಟಿಂಗಿನಲ್ಲಿ ದೋಸೆ ಸಿಗುತ್ತದೆ ಎಂದು ಯಾರೋ ಹೇಳಿದ್ದರಿಂದ ಅಲ್ಲಿಯೇ ರೂಮು ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರು ಉಡುಪಿ ಕಡೆಯ ಒಬ್ಬ ಹೆಂಗಸು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗಿದ್ದ ಗಂಡನಿಗೆ ಕೊಂಕಣಿಯಲ್ಲಿ, "ಯಾರೋ ಆಫ್ರಿಕಾದವ. ರೂಮು ಹೋಯಿತು ಅಂತ ಹೇಳಿಬಿಡಿ" ಎಂದರು. ನನಗೆ ಪಿತ್ತ ನೆತ್ತಿಗೇರಿತು. ನಾನೂ ಕೊಂಕಣಿಯಲ್ಲಿಯೇ, "ರೂಮು ಹೋದರೆ ಹೋಗಲಿ, ಒಂದು ಲೋಟ ನೀರಾದರೂ ಕೊಡಿ, ದೂರದಿಂದ ಬಂದಿದ್ದೇನೆ" ಎಂದೆ. ಅವರು ಬಾಗಿಲು ಹಿಡಿದುಕೊಂಡೇ ನಿಂತುಬಿಟ್ಟರು. ಮೊದಲು ನೀರು ಬಂತು, ಆಮೇಲೆ ಚಹಾ, ಆಮೇಲೆ ಹಿಂಬದಿಯ ರೂಮಿನ ಬೀಗದ ಕೈ. ಮುಂದೆ ಆ ವರ್ಷವಿಡೀ ಅವರು ಮೀನುಸಾರು ಬಡಿಸಿ ಬಡಿಸಿ ಆ ಮಾತನ್ನು ತೊಳೆಯಲು ನೋಡಿದರು. ನಾನು ಮಾತನ್ನು ಮರೆಯಲಿಲ್ಲ, ಮೀನನ್ನೂ ಬಿಡಲಿಲ್ಲ.

ಆ ವರ್ಷ ನೆನೆಸಿಕೊಂಡರೆ ಎಲ್ಲ ಅರ್ಧ ನಿದ್ದೆಯಲ್ಲಿ ಕಂಡದ್ದೇ ಅನ್ನಿಸುತ್ತದೆ. ಬಸ್ಸಿನ ಮೇಲಂತಸ್ತಿನಲ್ಲಿ ಮುಂದಿನ ಸೀಟು ಹಿಡಿದು ಕೂತರೆ ಮರದ ಕೊಂಬೆಗಳು ಬಂದು ಗಾಜು ಸವರಿ ಹೋಗುತ್ತಿದ್ದವು. ಕಪ್ಪು ಜನ ನನ್ನನ್ನು ಕಂಡು ತಲೆಯಾಡಿಸುತ್ತಿದ್ದರು. ಜಮೈಕಾದವನೋ, ಘಾನಾದವನೋ ಎಂದು ಕೇಳುತ್ತಿದ್ದರು. ಇಂಡಿಯಾ ಎಂದರೆ ನಕ್ಕುಬಿಡುತ್ತಿದ್ದರು. ಮೊದಮೊದಲು ವಿವರಿಸುತ್ತಿದ್ದೆ, ಆಮೇಲೆ ಸುಮ್ಮನೆ ನಾನೂ ತಲೆಯಾಡಿಸಿ ಕೂರುತ್ತಿದ್ದೆ. ನಿಜ ಹೇಳಬೇಕೆಂದರೆ ಅದು ನನಗೆ ಹಿತವಾಗಿತ್ತು. ಊರಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಎಲ್ಲಕ್ಕಿಂತ ಕೊನೆಗೆ ತುಂಬುತ್ತಿತ್ತು.

ಲೈಬ್ರರಿಯಲ್ಲಿ ಹೀಟರಿನ ಪಕ್ಕದ ಮೇಜು ನನ್ನದು. ಹತ್ತಿ ಹೊಲದ ಹಾಡುಗಳು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿಹೋದವರ ಕಥೆಗಳು, ಉತ್ತರದ ನಗರಗಳಿಗೆ ಗುಳೆ ಹೋದವರ ಕಾಗದಗಳು, ಎಲ್ಲ ಓದುತ್ತಿದ್ದೆ. ಓದುತ್ತಾ ಓದುತ್ತಾ ಕಣ್ಣು ಎಳೆಯುತ್ತಿತ್ತು. ಆ ಮಂಪರಿನಲ್ಲಿ ಹತ್ತಿ ಹೊಲದ ಮುದುಕಿ ನಮ್ಮ ಅಜ್ಜಿಯ ಹಾಗೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು, "ಏಳಪಾ, ಹೊತ್ತಾತು" ಎನ್ನುತ್ತಿದ್ದಳು. ಎಚ್ಚರಾದರೆ ಎದುರಿಗೆ ಅದೇ ಪುಟ. ಎಷ್ಟು ತಿರುವಿದರೂ ಆಫ್ರಿಕಾದಿಂದ ಹೊರಟ ಆ ಹಡಗುಗಳೆಲ್ಲ ಪಶ್ಚಿಮಕ್ಕೇ ಹೋಗುವವು. ಪೂರ್ವಕ್ಕೆ ಬಂದ ನಮ್ಮ ಹಡಗು ಅಲ್ಲಿ ಒಂದು ಅಡಿಟಿಪ್ಪಣಿಯಲ್ಲಿ ಹಾದುಹೋಗುತ್ತಿತ್ತು, ಅದರೊಳಗಿದ್ದವರ ಊರಿಲ್ಲ, ಕೇರಿಯಿಲ್ಲ.

ಭಾನುವಾರ ಮಧ್ಯಾಹ್ನ ಬೀದಿಯ ಫೋನ್ ಬೂತಿನಿಂದ ನಮ್ಮೂರ ಚರ್ಚಿನ ಆಫೀಸಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ಆಗ ಸಂಜೆ. ಅಜ್ಜಿ ಮೊದಲೇ ಬಂದು ಫೋನಿನ ಮುಂದೆ ಕೂತಿರುತ್ತಿದ್ದಳು. ಉಂಡಿಯಾ ಎಂದು ಕೇಳುವ ಮೊದಲೇ ಕೇಳುತ್ತಿದ್ದಳು, "ಸಿಕ್ತೇನೋ?"

"ಹುಡಕಾಕತ್ತೇನಬೇ."

"ಹುಡುಕು, ಹುಡುಕು. ನನಗ ಕಣ್ಣು ಮಸುಕಾಗ್ಯಾವು, ಕಿವಿ ಇನ್ನೂ ಚಲೋ ಅದಾವು."

ಡಿಗ್ರಿ ಸಿಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅಜ್ಜಿಗೆ ಕೊಡಲು ಒಂದು ಊರ ಹೆಸರು ಸಿಗುವುದಿಲ್ಲ ಎಂಬುದೇ ದಿನದಿನಕ್ಕೆ ಖಾತ್ರಿಯಾಗುತ್ತಿತ್ತು. ಬಾಯಿಗೆ ಬಂದ ಒಂದು ಹೆಸರು ಹೇಳಿಬಿಡೋಣ, ಮುದುಕಿ ನೆಮ್ಮದಿಯಾಗಿರುತ್ತಾಳೆ ಎಂದೂ ಅನ್ನಿಸಿತು. ಆಫ್ರಿಕಾದ ನಕಾಶೆಯ ಕರಾವಳಿಯ ಮೇಲೆ ಬೆರಳಾಡಿಸಿ ಒಂದು ಚಂದದ ಹೆಸರನ್ನು ಆರಿಸಿಯೂ ಇಟ್ಟಿದ್ದೆ.

ಆ ಚಳಿಗಾಲದಲ್ಲಿ ಇಲಿ ನನ್ನ ಕೌದಿಗೆ ಬಾಯಿ ಹಾಕಿತು. ಅದರಲ್ಲಿ ಇಲಿಯ ತಪ್ಪಿಲ್ಲ. ನಮ್ಮಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡುವುದಿಲ್ಲ. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲಿಯುತ್ತಾರೆ. ಇಲ್ಲದಿದ್ದರೆ ಹೊದ್ದವರನ್ನು ಅದು ಉಪವಾಸ ಕೆಡವುತ್ತದಂತೆ. ಲಂಡನ್ನಿನ ಇಲಿ ಅದನ್ನು ಮೂಸಿ ಕಂಡುಹಿಡಿದು, ಮೂಲೆಯನ್ನು ಕಡಿದು ರೊಟ್ಟಿ ತಿಂದು ಹೋಗಿತ್ತು. ಮನೆಯೊಡತಿ ನೋಡಿ, "ಈ ಇಲಿ ಕೌನ್ಸಿಲ್‌ನ ಇಲಿ ಹಿಡಿಯುವವರಿಗೂ ಬಗ್ಗುದಿಲ್ಲ ಮಾರಾಯ. ಇದನ್ನು ಬಿಸಾಡು, ಅಂಗಡಿಯಲ್ಲಿ ಒಂದು ಡೂವೆ ಹೊದಿಕೆ ತೆಗೊ" ಎಂದರು. ನನಗೆ ಮತ್ತೆ ಸಿಟ್ಟು ಬಂತು. ಕೌದಿಯನ್ನು ಚೀಲಕ್ಕೆ ತುರುಕಿಕೊಂಡು ದರ್ಜಿಯ ಅಂಗಡಿಗೆ ಹೋದೆ. ಅವನೂ ಬಿಸಾಡು ಎಂದ. ಹಾಗೇ ಚೀಲ ಹೊತ್ತುಕೊಂಡು ಕಾಲೇಜಿಗೆ ಹೋದೆ, ಅವತ್ತು ನನ್ನ ಗೈಡ್ ಜೊತೆ ಭೇಟಿ ಇತ್ತು.

ಗೈಡ್ ಅಮೆರಿಕಾದ ದಕ್ಷಿಣದವರು, ಕಪ್ಪು ಹೆಂಗಸು, ವಯಸ್ಸಾದವರು, ಸುಲಭಕ್ಕೆ ಯಾವ ಪ್ರಬಂಧವನ್ನೂ ಮೆಚ್ಚುವವರಲ್ಲ. ನನ್ನ ಅಧ್ಯಾಯ ತೆಗೆಯಲು ಹೋದರೆ ಚೀಲದಿಂದ ಮೊದಲು ಕೌದಿ ಹೊರಗೆ ಬಂತು. ಅವರು ಅಧ್ಯಾಯವನ್ನು ಪಕ್ಕಕ್ಕೆ ಸರಿಸಿ ಕೌದಿಯನ್ನು ಮೇಜಿನ ತುಂಬ ಹರಡಿದರು. ಹೊಲಿಗೆಯ ಮೇಲೆ ಬೆರಳು ಓಡಿಸುತ್ತಾ ಅಂಚಿನಿಂದ ನಡುವಿನ ತನಕ ಬಂದರು. ಕಿಟಕಿಯಾಚೆ ಮಂಜು ಕವಿದು ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ.

"ನನ್ನ ಅಜ್ಜಿಯೂ ಹೀಗೇ ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಿದ್ದಳು," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಯಾರು ಹೊಲಿದದ್ದು?"

ಎಲ್ಲ ಹೇಳಿದೆ. ಅಜ್ಜಿ ಕೊಟ್ಟ ಕೆಲಸ, ನಕಾಶೆಯಲ್ಲಿ ಆರಿಸಿಟ್ಟ ಸುಳ್ಳು ಹೆಸರು, ಇಲಿ, ರೊಟ್ಟಿ. ಅವರು ನಗಲಿಲ್ಲ.

"ನಾನು ಬದುಕಿಡೀ ಇದನ್ನೇ ಓದಿದ್ದೇನೆ. ನನ್ನ ಅಜ್ಜಿಯ ಅಜ್ಜಿಯ ತನಕ ಹೋಗಬಲ್ಲೆ. ಅದರಾಚೆ ಬರೀ ನೀರು," ಎಂದರು. "ಸುಳ್ಳು ಹೆಸರು ಮಾತ್ರ ಕೊಡಬೇಡ. ನನಗೂ ಒಬ್ಬರು ಹಾಗೆ ಕೊಟ್ಟಿದ್ದರು. ಸುಳ್ಳೆಂದು ತಿಳಿದ ದಿನ ಮತ್ತೊಮ್ಮೆ ಊರು ಕಳೆದುಕೊಂಡೆ."

ಆಮೇಲೆ ಡ್ರಾಯರಿನಿಂದ ಸೂಜಿದಾರ ತೆಗೆದರು. ನನಗೆ ಸೂಜಿ ಹಿಡಿಯಲು ಬರುವುದಿಲ್ಲ, ಬಟ್ಟೆ ಬಿಗಿಯಾಗಿ ಹಿಡಿದುಕೊಂಡೆ. ಅವರು ತಮ್ಮ ಕೊರಳಿನ ಸ್ಕಾರ್ಫಿನ ತುದಿ ಕತ್ತರಿಸಿ ತೇಪೆ ಇಟ್ಟರು. ಕೊನೆಯ ಬದಿ ಮುಚ್ಚುವಾಗ ಕೈ ನಿಲ್ಲಿಸಿ, ಊಟದ ಡಬ್ಬಿ ತೆರೆದು, ಹಿಂದಿನ ದಿನ ಮನೆಯಲ್ಲಿ ಮಾಡಿದ್ದ ಗೋವಿನಜೋಳದ ರೊಟ್ಟಿಯ ಒಂದು ತುಂಡು ಮುರಿದು ಒಳಗಿಟ್ಟರು. ಇಲಿ ಮತ್ತೆ ಬರುತ್ತದೆ ಎಂದೆ. ಬಂದರೆ ಮತ್ತೆ ಹೊಲಿಯೋಣ ಎಂದರು. ನನಗೆ ಅಳು ಬಂತು, ಅವರೆದುರೇ ಅತ್ತೆ.

ಆ ಭಾನುವಾರ ಅಜ್ಜಿ ಎಂದಿನಂತೆ ಕೇಳಿದಳು, "ಸಿಕ್ತೇನೋ?"

"ಇಲ್ಲಬೇ. ಇನ್ನ ಸಿಗೂದೂ ಇಲ್ಲ. ಯಾರೂ ಬರದಿಟ್ಟಿಲ್ಲ."

ಆ ಕಡೆ ಚರ್ಚಿನ ಅಂಗಳದಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ತಡೆಯಲಾರದೆ ಇಲಿಯ ಕಥೆ ಶುರುಮಾಡಿದೆ, ಗೈಡ್ ಕೂತು ಹೊಲಿದುಕೊಟ್ಟದ್ದನ್ನು ಹೇಳಿದೆ.

"ಆಕೀದು ಯಾ ಊರು?" ಎಂದಳು.

"ಆಕಿಗೂ ಗೊತ್ತಿಲ್ಲಬೇ. ಆಕಿ ಮಂದೀನೂ ಹಡಗಿನಾಗ ಬಂದವರ."

"ಕೌದಿ ಹೊಟ್ಟಿ ತುಂಬ್ಸಿದ್ಲೇನು?"

"ತುಂಬ್ಸಿದ್ಲು. ಗೋವಿನಜೋಳದ ರೊಟ್ಟಿ, ತಾನ ಮಾಡಿದ್ದು."

ಅಜ್ಜಿ, "ಹಂಗಾರ ಊರ ಹೆಸರು ಇರಲಿ ಬಿಡು. ಆಕಿ ಹೆಸರು ಹೇಳು, ಅದನ್ನ ಅಂತೀನಿ" ಎಂದಳು.

ಹೇಳಿದೆ. ಅವಳ ನಾಲಿಗೆಗೆ ಹೊಸ ಹೆಸರು. ಒಮ್ಮೆ ತಪ್ಪಿ, ನನ್ನಿಂದ ಮತ್ತೆ ಹೇಳಿಸಿಕೊಂಡು, ಆಮೇಲೆ ಪೂರ್ತಿಯಾಗಿ, ಸರಿಯಾಗಿ ಅಂದಳು.