ಹಾನ್ ಹೇಳದ ಮಾತು

ಆ ಮಾತನ್ನು ಹಾನ್ ಹೇಳಿರಲಿಲ್ಲ. ಹೇಳಿದ್ದು ನಾನು. ಹಸಿದು ನಿಂತಿದ್ದ ಒಬ್ಬ ಹೆಂಗಸಿನ ಎದುರು ಸುಳ್ಳಾಡಿ, ಆ ಸುಳ್ಳನ್ನು ಇನ್ನೊಬ್ಬರ ತಲೆಗೆ ಕಟ್ಟಿ, ಏನೂ ಆಗದವನಂತೆ ಮನೆಗೆ ಬಂದು ಊಟ ಮಾಡಿದೆ. ಕೊರೋನಾದ ಮೊದಲ ವರ್ಷ, ಮಲೇಷ್ಯಾದ ಪೆನಾಂಗಿನ ಬಯಾನ್ ಲೆಪಾಸಿನಲ್ಲಿ ನಡೆದದ್ದು ಇದು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ — ಹೆಂಡತಿಗೂ.

ನಾನು ಅಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಆಡಳಿತ ವಿಭಾಗದಲ್ಲಿದ್ದೆ. ಹಾನ್ ನಮ್ಮ ಜನರಲ್ ಮ್ಯಾನೇಜರ್. ದಕ್ಷಿಣ ಕೊರಿಯಾದವರು, ಮಿತಭಾಷಿ. ಯೊನ್‌ಹಿ ಉತ್ತರ ಕೊರಿಯಾದವಳು. ನಾವಿದ್ದ ಅಪಾರ್ಟ್‌ಮೆಂಟಿನಿಂದ ಹತ್ತು ನಿಮಿಷದ ದಾರಿಯಲ್ಲಿ ಅವಳ ದೇಶದವರದೇ ಒಂದು ಹೋಟೆಲಿತ್ತು; ಅಲ್ಲಿ ಬಡಿಸುತ್ತಿದ್ದಳು. ನನ್ನ ಹೆಂಡತಿ ಸುಜಾತ ಮೊಟ್ಟೆ ತಿನ್ನುವುದಿಲ್ಲ ಎಂದು ಒಮ್ಮೆ ಹೇಳಿದ್ದೆವು. ಮುಂದಿನ ಸಲ ಹೋದಾಗ ಕೇಳದೆಯೇ ಮೊಟ್ಟೆಯಿಲ್ಲದ ನೂಡಲ್ಸ್ ತಂದಿಟ್ಟು, ಬಟ್ಟಲನ್ನು ಒಂದು ಸುತ್ತು ತಿರುಗಿಸಿ ತೋರಿಸಿದ್ದಳು. ಸುಜಾತಳಿಗೆ ಅಷ್ಟು ಸಾಕಾಗಿತ್ತು, ಅವಳನ್ನು ನಮ್ಮವಳೆಂದುಕೊಳ್ಳಲು.

ಆಮೇಲೆ ಹೋಟೆಲು ಮುಚ್ಚಿತು. ಯೊನ್‌ಹಿ ಮತ್ತು ಅವಳ ಜೊತೆಗಿದ್ದ ಇಬ್ಬರು ಬೇರೆ ಹೋಟೆಲುಗಳಲ್ಲಿ ಪಾತ್ರೆ ತೊಳೆದು ಬದುಕುತ್ತಿರುವಾಗಲೇ ಕೊರೋನಾ ಬಂತು. ರೋಗಕ್ಕೆ ಹೆದರಿ ಅವರ ದೇಶ ಗಡಿ ಮುಚ್ಚಿಕೊಂಡಿತು — ಹೊರಗಿರುವ ತನ್ನ ಜನರೂ ಬರುವಂತಿಲ್ಲ. ಇತ್ತ ಅವರು ಇಲ್ಲಿರುವ ಪರ್ಮಿಟ್ ಮುಗಿದಿತ್ತು. ಕ್ಷಿಪಣಿ ಹಾರಿಸಲು ಪುರಸೊತ್ತಿದ್ದ ಆ ಸರ್ಕಾರಕ್ಕೆ ತನ್ನ ಹೆಣ್ಣುಮಕ್ಕಳಿಗೆ ಬಾಗಿಲು ತೆಗೆಯಲು ಪುರಸೊತ್ತಿರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ಆ ಸರ್ಕಾರವನ್ನು ಬೈಯುವುದು ನನಗೆ ಬಹಳ ಸುಲಭ, ಅದಕ್ಕೇ ಬೈಯುತ್ತಿದ್ದೇನೆ. ಬಾಗಿಲು ಹಾಕಿದವರಲ್ಲಿ ನಾನೂ ಒಬ್ಬ.

ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ಕಾರ್ಮಿಕರಿಗೆ ಹಾನ್ ಕಂಪನಿಯಿಂದ ಅಕ್ಕಿ, ಎಣ್ಣೆ, ಬೇಳೆ ಕೊಡಿಸಿದರು. ಪಟ್ಟಿ ಮಾಡುವುದು, ಹಂಚುವುದು ನನ್ನ ಕೆಲಸ. "ರೀ, ಯೊನ್‌ಹಿಯವರನ್ನೂ ಸೇರಿಸಿ, ಆ ಮೂರು ಜನ ಏನು ತಿಂತಾರೆ?" ಎಂದಳು ಸುಜಾತ. ಸೇರಿಸಿದೆ. ಹಲವು ವಾರ ಕೊಟ್ಟೆ. ಅವಳು ಬಟ್ಟೆಯ ಚೀಲ ಹಿಡಿದು ತನ್ನ ಫ್ಲ್ಯಾಟಿನ ಕೆಳಗೆ ಬಂದು ಕಾಯುತ್ತಿದ್ದಳು.

ಜೂನ್‌ನಲ್ಲಿ, ಎರಡು ಕೊರಿಯಾಗಳು ಕೂತು ಮಾತಾಡಲೆಂದು ಗಡಿಯ ಬಳಿ ಕಟ್ಟಿದ್ದ ಕಟ್ಟಡವನ್ನು ಉತ್ತರದವರು ಸಿಡಿಸಿ ಉರುಳಿಸಿದರು. ಟಿವಿಯಲ್ಲಿ ಹಗಲೆಲ್ಲ ಅದೇ ಹೊಗೆ. ಇನ್ನೇನು ಯುದ್ಧ ಎಂದು ಆಫೀಸಿನ ವಾಟ್ಸ್ಯಾಪಿನಲ್ಲಿ ಎಲ್ಲರೂ ಪಂಡಿತರಾದರು. ಕಾರ್ಖಾನೆಗೆ ಆರ್ಡರುಗಳಿಲ್ಲ, ವಿದೇಶಿಯರನ್ನು ಮೊದಲು ತೆಗೆಯುತ್ತಾರೆಂಬ ಸುದ್ದಿ ಬೇರೆ. ನನ್ನ ಪರ್ಮಿಟ್ ನವೀಕರಣದ ಅರ್ಜಿ ಹಾನ್ ಅವರ ಮೇಜಿನ ಮೇಲಿತ್ತು — ಅವರ ಸಹಿ ಬೀಳಬೇಕಿತ್ತು. ಈ ಮನುಷ್ಯ ಪಟ್ಟಿಯಲ್ಲಿ ಆ ಮೂರು ಹೆಸರು ಕಂಡರೆ ಏನಂದುಕೊಂಡಾರು? ಕೇಳಬಹುದಿತ್ತು. ಕೇಳಲಿಲ್ಲ. ಹೆಸರು ಹೊಡೆದುಹಾಕಿದೆ.

ಆ ಶನಿವಾರ ಯೊನ್‌ಹಿ ಎಂದಿನಂತೆ ಕೆಳಗೆ ಬಂದಳು.

"ಈ ವಾರದಿಂದ ನಿಮಗಿಲ್ಲ," ಎಂದೆ ಇಂಗ್ಲಿಷಿನಲ್ಲಿ.

"ಅಕ್ಕಿ ಮುಗಿಯಿತಾ?"

ಮುಗಿಯಿತು ಎನ್ನುವಂತಿರಲಿಲ್ಲ. ಕಾರಿನ ಡಿಕ್ಕಿ ತೆರೆದೇ ಇತ್ತು. ಬೇರೆಯವರಿಗೆಂದು ತಂದ ಚೀಲಗಳು ಅವಳ ಕಣ್ಣೆದುರಿಗಿದ್ದವು. ಆಗ ಹೇಳಿದೆ —

"ಬಾಸ್ ದಕ್ಷಿಣದವರು. ನಿಮ್ಮ ಜನಕ್ಕೆ ಕೊಡಬೇಡ ಅಂದಿದ್ದಾರೆ."

ಅವಳು ಸ್ವಲ್ಪ ಹೊತ್ತು ಚೀಲಗಳನ್ನು ನೋಡಿದಳು. "ಓಕೆ ಲಾ," ಎಂದಳು ಮಲೇಷ್ಯಾದವರ ಧಾಟಿಯಲ್ಲಿ. ತನ್ನ ಖಾಲಿ ಚೀಲವನ್ನು ಮಡಚಿ, ನನಗೆ ತಲೆಬಾಗಿ ನಮಸ್ಕರಿಸಿ — ಅಷ್ಟು ದಿನ ಕೊಟ್ಟದ್ದಕ್ಕಿರಬೇಕು — ಮೆಟ್ಟಿಲು ಹತ್ತಿದಳು. ಅವಳು ಜಗಳವಾಡಿದ್ದರೆ, ಒಂದು ಕೆಟ್ಟ ಮಾತಾದರೂ ಆಡಿದ್ದರೆ... ನನಗೆ ಅನುಕೂಲವಾಗುತ್ತಿತ್ತು. ಆ ಅನುಕೂಲವನ್ನೂ ಅವಳಿಂದಲೇ ಬಯಸುತ್ತೇನೆ, ನೋಡಿ.

ಸುಜಾತ ಕೇಳಿದಾಗ, ಯಾವುದೋ ಚರ್ಚಿನವರು ಅವರಿಗೆ ಕೊಡುತ್ತಿದ್ದಾರಂತೆ ಎಂದುಬಿಟ್ಟೆ.

ಮುಂದಿನ ತಿಂಗಳು ಆ ಮೂವರಲ್ಲಿ ಹಿರಿಯಳು ಕಾರ್ಖಾನೆಯ ಗೇಟಿಗೆ ಬಂದಳು. ಸೆಕ್ಯುರಿಟಿಯವನು ನನಗೆ ಫೋನ್ ಮಾಡಿದ. ನಾನು ಇಳಿದು ಹೋಗುವಷ್ಟರಲ್ಲಿ ಹಾನ್ ಅಲ್ಲಿ ನಿಂತಿದ್ದರು. ಇಬ್ಬರೂ ಮಾತಾಡುತ್ತಿದ್ದರು. ಅವರಿಬ್ಬರ ಭಾಷೆ ಒಂದೇ ಎಂಬುದು, ಇಷ್ಟೆಲ್ಲ ಲೆಕ್ಕ ಹಾಕಿದ್ದ ನನಗೆ, ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಏನು ಮಾತಾಡಿದರೆಂದು ಆಮೇಲೆ ಹಾನ್ ಅವರೇ ಹೇಳಿದರು. ಮಾರುಕಟ್ಟೆಯವರು ಎಸೆದ ತರಕಾರಿ ಆಯಲು ಹೋಗಿದ್ದ ಯೊನ್‌ಹಿಯನ್ನು ಪೊಲೀಸರು ಹಿಡಿದು, ಪರ್ಮಿಟ್ ಇಲ್ಲವೆಂದು ಒಯ್ದಿದ್ದರು. ಅವಳನ್ನು ಬಿಡಿಸಿಕೊಡಿ ಎಂದು ಕೇಳಲು ಹಿರಿಯಳು ಬಂದಿದ್ದಳು. ಕೇಳುವ ಮೊದಲು, ತನ್ನ ದೇಶ ಆ ಕಟ್ಟಡವನ್ನು ಸಿಡಿಸಿದ್ದಕ್ಕೆ ಹಾನ್ ಅವರ ಕ್ಷಮೆ ಕೇಳಿದ್ದಳು. ಮೂರು ಹೊತ್ತು ಊಟಕ್ಕಿಲ್ಲದ ಹೆಂಗಸು, ಸೈನ್ಯ ಮಾಡಿದ್ದಕ್ಕೆ ಕ್ಷಮೆ ಕೇಳಿದಳು. ಕೇಳಬೇಕೆಂದು ಅವಳಿಗೆ ಅನ್ನಿಸುವಂತೆ ಮಾಡಿದವನು ನಾನು.

ಹಾನ್ ನನ್ನನ್ನು ಕೋಣೆಗೆ ಕರೆದರು.

"ಅನ್ನ ಕೊಡಬೇಡ ಅಂತ ನಾನು ಹೇಳಿದೆನಂತೆ. ಯಾರು ಹೇಳಿದ್ದು ಅವರಿಗೆ?"

ನಿಜ ಹೇಳಲು ಅಲ್ಲಿ ಇನ್ನೊಂದು ಅವಕಾಶವಿತ್ತು. ನಾನು ಹೇಳಿದ್ದಿಷ್ಟು: "ಅವರು ಎರಡೆರಡು ಕಡೆ ತಗೊಳ್ತಿದ್ದರು ಸರ್. ನಿಲ್ಲಿಸಿದೆ. ಅದಕ್ಕೆ ಹೀಗೆ ಕಥೆ ಕಟ್ಟುತ್ತಿದ್ದಾರೆ."

"ನಾನು ಎರಡು ವರ್ಷ ಬಂದೂಕು ಹಿಡಿದು ಆ ಗಡಿಯಲ್ಲಿ ನಿಂತವನು," ಎಂದರು. "ದುರ್ಬೀನಿನಲ್ಲಿ ಅವರ ಸೈನಿಕರು ಕಾಣುತ್ತಿದ್ದರು. ಹುಡುಗರು, ತೀರಾ ಬಡಕಲು. ಗುಂಡು ಹಾರಿಸು ಅಂದಿದ್ದರೆ ಹಾರಿಸುತ್ತಿದ್ದೆನೇನೋ. ಅನ್ನ ಕೊಡಬೇಡ ಅಂತ ಮಾತ್ರ..."

ನನ್ನನ್ನು ನಂಬಿದರೋ ಇಲ್ಲವೋ ತಿಳಿಯದು. ಅದೇ ವಾರ ನನ್ನ ಅರ್ಜಿಗೆ ಸಹಿ ಹಾಕಿದರು. ಉಳಿದಿಬ್ಬರಿಗೆ ತಾವೇ ಅಕ್ಕಿ ಒಯ್ದು ಕೊಟ್ಟರು. ಯೊನ್‌ಹಿಗಾಗಿ ಮೂರು ಸಲ ಪೊಲೀಸ್ ಠಾಣೆಗೆ ಹೋದರು. ನೀವು ಅವಳಿಗೆ ಏನಾಗಬೇಕು ಎಂದು ಕೇಳಿ ಪೊಲೀಸರು ಮೂರು ಸಲವೂ ವಾಪಸ್ ಕಳಿಸಿದರಂತೆ. ನಾನು ಒಮ್ಮೆಯೂ ಜೊತೆಗೆ ಹೋಗಲಿಲ್ಲ.

ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದವರು, ಲಾಕ್‌ಡೌನಿನಲ್ಲಿ ಅನ್ನ ಹಂಚಿದವನೆಂದು ಜೂಮ್‌ನಲ್ಲಿ ನನ್ನನ್ನು ಸನ್ಮಾನಿಸಿದರು. ಶಾಲು ಕೊರಿಯರಿನಲ್ಲಿ ಬಂತು. ಹೊದ್ದು ಫೋಟೋ ತೆಗೆಸಿಕೊಂಡೆ.

ಮರುವರ್ಷ ಮಲೇಷ್ಯಾ ಮತ್ತು ಉತ್ತರ ಕೊರಿಯಾದ ಸಂಬಂಧವೇ ಕಡಿದುಹೋಯಿತು. ರಾಯಭಾರ ಕಚೇರಿಯವರು ಬಸ್ಸಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟದ್ದನ್ನು ಟಿವಿಯಲ್ಲಿ ತೋರಿಸಿದರು. ಕಿಟಕಿಗಳಲ್ಲಿ ಯೊನ್‌ಹಿಯ ಮುಖ ಹುಡುಕಿದೆ. ಕಾಣಲಿಲ್ಲ. ಅವಳು ಬಂಧನದಲ್ಲೇ ಉಳಿದಳೋ, ಅವಳ ದೇಶಕ್ಕೆ ಹೋದಳೋ, ಹೋಗಿದ್ದರೆ ಅಲ್ಲಿ ಅವಳನ್ನು ಏನೆಂದು ವಿಚಾರಿಸಿದರೋ ನನಗೆ ಗೊತ್ತಿಲ್ಲ. ಉಳಿದಿಬ್ಬರು ಇದ್ದ ಫ್ಲ್ಯಾಟಿಗೆ ಬೇರೆಯವರು ಬಂದರು. ಹಾನ್ ನಿವೃತ್ತರಾಗಿ ಊರಿಗೆ ಮರಳಿದರು.

ನಿನ್ನೆ ಸುಜಾತಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ.

"ಅವಳ ಪೂರ್ತಿ ಹೆಸರೇನು?" ಎಂದಳು. "ಎಲ್ಲಿದ್ದಾಳೆ ಅಂತ ಕೇಳೋದಕ್ಕೆ ಹೆಸರು ಬೇಕಲ್ಲ."

ನನಗೆ ಗೊತ್ತಿರಲಿಲ್ಲ. ನನ್ನ ಪಟ್ಟಿಗೆ ಯೊನ್‌ಹಿ ಎಂದರೆ ಸಾಕಾಗಿತ್ತು.

ಹಾನ್ ಅವರಿಗೆ ಗೊತ್ತಿರುತ್ತದೆ. ಠಾಣೆಯಲ್ಲಿ ಕೇಳಿದ್ದು ಅವರೇ. ಆದರೆ ಈಗ ಯಾಕೆ ಕೇಳುತ್ತಿದ್ದೀಯ ಎಂದಾಗ ನನ್ನ ಎರಡು ಸುಳ್ಳನ್ನೂ ಅವರಿಗೆ ಹೇಳಬೇಕಾಗುತ್ತದೆ. ಕಾಗದ ಬರೆಯಲು ಕೂತಿದ್ದೇನೆ. ಆ ಹೆಂಗಸರು ಸುಳ್ಳು ಹೇಳಿರಲಿಲ್ಲ ಸರ್ — ಅಲ್ಲಿಂದಲೇ ಶುರುಮಾಡಿದ್ದೇನೆ.